ಓಟದ ವೇಗ

ಗ್ಯಾಸ್ ಟ್ಯಾಂಕಿಗೆ ಬೆಂಕಿ ಬಿದ್ದರೆ ಅದರ ಝಳಕ್ಕೆ ಕಾರ್ಖಾನೆಯಲ್ಲಿ ಯಾರ ಚರ್ಮ ಎಷ್ಟು ಹೊತ್ತಿನಲ್ಲಿ ಸುಡುತ್ತದೆ ಎಂದು ಇಂಜಿನಿಯರ್ ಕಾತ್ಯಾಯಿನಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ವರದಿ ಕೊಟ್ಟಿದ್ದಳು. ಓದುತ್ತಾ ಹೋದ ಮ್ಯಾನೇಜರಿಗೆ ಒಂದು ಕಡೆ ಪಿತ್ತ ನೆತ್ತಿಗೇರಿತು.

"ಏನಮ್ಮಾ ಇದು? ಕಾರ್ಮಿಕರ ವಿಶ್ರಾಂತಿ ಕೊಠಡಿ, ಓಡುವ ವೇಗ ಸೊನ್ನೆ ಅಂತ ಬರೆದಿದ್ದೀಯಲ್ಲ! ಬೆಂಕಿ ಕಂಡ್ಮೇಲೆ ಯಾರಾದ್ರೂ ಕೂತಲ್ಲೇ ಕೂತಿರ್ತಾರಾ?"

"ಅಲ್ಲಿ ಸೊನ್ನೆಯೇ ಸರ್."

"ಸೆಕೆಂಡಿಗೆ ನಾಲ್ಕು ಮೀಟರ್ ಅಂತ ಹಾಕು. ಚರ್ಮ ಸುಡೋದ್ರೊಳಗೆ ಎಲ್ರೂ ಗೇಟು ದಾಟಿರ್ತಾರೆ. ಆಗ ಟ್ಯಾಂಕನ್ನೂ ಬೇರೆ ಕಡೆ ಸಾಗಿಸ್ಬೇಕಾಗಿಲ್ಲ, ಕೊಠಡೀನೂ ಬೇರೆ ಕಡೆ ಕಟ್ಟಿಸ್ಬೇಕಾಗಿಲ್ಲ."

"ಹಾಕಲ್ಲ ಸರ್."

ಮ್ಯಾನೇಜರು ತಾವೇ ಸೊನ್ನೆಯನ್ನು ಹೊಡೆದುಹಾಕಿ ನಾಲ್ಕು ಬರೆದರು. ಅವಳು ಅವರೆದುರಿಗೇ ನಾಲ್ಕನ್ನು ಹೊಡೆದು ಮತ್ತೆ ಸೊನ್ನೆ ಸುತ್ತಿದಳು.

"ಕೆಲಸ ಬೇಕೋ ಬೇಡ್ವೋ ನಿಂಗೆ?"

"ಬೇಕು. ಆದ್ರೆ ನಾಲ್ಕಕ್ಕೆ ನಾನು ಸಹಿ ಹಾಕಲ್ಲ. ನೀವು ಒಂದ್ಸಲನಾದ್ರೂ ಆ ಕೊಠಡಿ ನೋಡಿದ್ದೀರಾ?"

"ಆರು ವರ್ಷದಿಂದ ಈ ಕಾರ್ಖಾನೆ ನಡೆಸ್ತಿದೀನಿ, ನೀನು ನನಗೆ ಕೊಠಡಿ ತೋರಿಸ್ತೀಯಾ? ನಡಿ! ಅಲ್ಲಿರೋರು ಓಡ್ತಾರೋ ಇಲ್ವೋ, ಅವರ ಬಾಯಲ್ಲೇ ಹೇಳಿಸ್ತೀನಿ."

"ನಡೀರಿ ಸರ್."

ಧುಮುಗುಡುತ್ತಾ ಅಂಗಳ ದಾಟಿದ ಮ್ಯಾನೇಜರು ಕೊಠಡಿಯ ಬಾಗಿಲನ್ನು ದಡಾರನೆ ತಳ್ಳಿದರು.

ಪ್ಯಾಕಿಂಗ್ ವಿಭಾಗದ ಹೆಂಗಸರು ಕಟ್ಟಿಹೋಗಿದ್ದ ಹನ್ನೊಂದು ಸೀರೆಯ ತೊಟ್ಟಿಲುಗಳು ಒಳಗೆ ಸಾಲಾಗಿ ತೂಗುತ್ತಿದ್ದವು. ಬಾಗಿಲ ಸದ್ದಿಗೆ ಬೆಚ್ಚಿ ಒಂದು ಕೂಸು ಅಳತೊಡಗಿತು.