ಕರೆ ಬಂದರೆ ಹೊತ್ತುವ ದೀಪ

"ಸೆಟ್ಟು ಮತ್ತೆ ಮೂಕವಾಗಿದೆ, ನೋಡಮ್ಮ," ಎನ್ನುತ್ತ ಸೋದರಮಾವ ಕಾಂಕ್ರೀಟ್ ಲಾರಿಯನ್ನು ಅವಳ ರೇಡಿಯೊ ರಿಪೇರಿ ಅಂಗಡಿಯ ಎದುರು ತಂದು ನಿಲ್ಲಿಸಿದಾಗ ಅವಳು ಕೈಯಲ್ಲಿದ್ದ ಸೋಲ್ಡರಿಂಗ್ ಐರನ್ನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಎದ್ದಳು. ಇದು ಮೂರನೆಯ ಸಲ. ಮೊದಲ ಸಲ ಸ್ಪೀಕರ್ ಬದಲಾಯಿಸಿದ್ದಳು, ಆಮೇಲೆ ಆಂಟೆನಾದ ಕೇಬಲ್ಲು. ಲಾರಿಯ ವೈರ್‌ಲೆಸ್ ಸೆಟ್ಟು ಹಳೆಯದು ನಿಜ, ಆದರೆ ಕಲ್ಲುಗುಂಡಿನ ಹಾಗಿತ್ತು. ಹೋದ ವಾರ, ಸೈಟಿನಲ್ಲಿ ಕೆಲಸ ನಿಂತಿದೆ, ವಾಪಸು ಬನ್ನಿ ಎಂದು ಕಂಪನಿಯ ಯಾರ್ಡಿನಿಂದ ಎಷ್ಟು ಕೂಗಿದರೂ ಮಾವನಿಗೆ ಮುಟ್ಟಿರಲಿಲ್ಲ. ಡ್ರಮ್ಮಿನಲ್ಲಿದ್ದ ಕಾಂಕ್ರೀಟು ಅಲ್ಲೇ ಗಟ್ಟಿಯಾಗಿ, ಅದನ್ನು ಒಡೆದು ತೆಗೆಯುವಷ್ಟರಲ್ಲಿ ಎಲ್ಲರಿಗೂ ಸಾಕುಸಾಕಾಗಿತ್ತು.

ಅವಳು ಸೆಟ್ಟನ್ನು ಬಿಚ್ಚಿ ಮೇಜಿನ ಮೇಲಿಟ್ಟು ಮೀಟರ್ ಹಾಕಿದಳು. ಮುಳ್ಳು ನಿಲ್ಲಬೇಕಾದಲ್ಲೇ ನಿಂತಿತು. ಯಾರ್ಡಿನಲ್ಲಿ ವೈರ್‌ಲೆಸ್ ನೋಡಿಕೊಳ್ಳುವ ಹುಡುಗಿ ಯಾವುದೋ ಡ್ರೈವರಿಗೆ ಹೇಳುತ್ತಿದ್ದುದು ಸೆಟ್ಟಿನಿಂದ ಬೀದಿಯವರೆಗೂ ಕೇಳುವಷ್ಟು ಸ್ಪಷ್ಟವಾಗಿತ್ತು. ಹಾಗಾದರೆ ಗಾಡಿಯ ವೈರಿಂಗಿನಲ್ಲೇ ಏನೋ ಇರಬೇಕೆಂದು ಕ್ಯಾಬಿನ್ ಹತ್ತಿ, ಡ್ಯಾಶ್‌ಬೋರ್ಡಿನ ಅಡಿ ತಲೆ ತೂರಿಸಿ ಮಲಗಿದಳು. ಮಾವ ಮೆಟ್ಟಿಲ ಮೇಲೆ, ಅವಳ ಕಾಲ ಪಕ್ಕದಲ್ಲೇ ಕುಳಿತಿದ್ದರು.

"ಮಾವ, ಆ ಕಟಿಂಗ್ ಪ್ಲೇಯರ್ ಕೊಡಿ."

ಚಾಚಿದ ಕೈಗೆ ಏನೂ ಬರಲಿಲ್ಲ. ಮತ್ತೆ ಕೇಳಿದಳು, ಸ್ವಲ್ಪ ಜೋರಾಗಿ. ಹೊರಗೆ ತಲೆ ಹಾಕಿ ನೋಡಿದರೆ ಪ್ಲೇಯರ್ ಮಾವನ ತೊಡೆಯ ಮೇಲೇ ಇತ್ತು. ಅವರು ರಸ್ತೆ ನೋಡುತ್ತ ಆರಾಮಾಗಿ ಕುಳಿತಿದ್ದರು. ಅವಳು ಭುಜ ಮುಟ್ಟಿದಾಗ ತಿರುಗಿದರು.

"ಪ್ಲೇಯರ್," ಎಂದಳು, ದನಿ ಏರಿಸದೆ. ತಕ್ಷಣ ಕೊಟ್ಟರು. ಅವರ ಕಣ್ಣು ಅವಳ ತುಟಿಯ ಮೇಲಿತ್ತು.

ಅಷ್ಟರಲ್ಲಿ ಯಾರ್ಡಿನ ಮ್ಯಾನೇಜರ ಫೋನು ಬಂತು. "ಸೆಟ್ಟು ಕೆಟ್ಟಿದ್ರೆ ಹೊಸದು ತರಿಸ್ತೀನಿ. ಕೆಟ್ಟಿಲ್ಲ ಅಂದ್ರೆ ಡ್ರೈವರನ್ನೇ ಬದಲಾಯಿಸಬೇಕಾಗತ್ತೆ. ಯಾವುದು ಅಂತ ಹೇಳಿಬಿಡಿ."

ಅವಳು ಮಾವನ ಬೆನ್ನು ನೋಡಿದಳು. ಸೆಟ್ಟು ಕೆಟ್ಟಿದೆ ಎಂದುಬಿಟ್ಟರೆ ಮಾವನ ಕೆಲಸ ಇನ್ನೊಂದು ತಿಂಗಳು ಉಳಿಯಬಹುದು. ಅಷ್ಟರಲ್ಲಿ ಹಿಂದಿನಿಂದ ಬರುವ ಗಾಡಿಯ ಹಾರನ್ನು ಅವರಿಗೆ ಕೇಳೀತೇ? "ವೈರಿಂಗ್ ನೋಡೋದು ಇನ್ನೂ ಮುಗಿದಿಲ್ಲ, ಸಂಜೆಯೊಳಗೆ ಹೇಳ್ತೀನಿ," ಎಂದು ಫೋನ್ ಇಟ್ಟಳು.

ಕೇಬಲ್ಲಿನ ಒಂದು ತುದಿಯನ್ನು ಸೆಟ್ಟಿಗೂ ಇನ್ನೊಂದನ್ನು ಹಳೆಯ ಕಂಪ್ಯೂಟರಿಗೂ ಜೋಡಿಸಿ ಪ್ರೋಗ್ರಾಂ ತೆರೆದಳು. ಈ ಗಾಡಿಯ ನಂಬರಿಗೆ ಕರೆ ಬಂದರೆ ಸೆಟ್ಟಿನ ಹಿಂಬದಿಯ ಒಂದು ಪಿನ್ನು ಚಾಲೂ ಆಗಬೇಕೆಂದು ಬರೆದಳು. ಗಾಡಿಯಿಂದ ಇಳಿದು ದೂರ ಹೋದ ಡ್ರೈವರಿಗೆ ಹಾರನ್ ಬಾರಿಸಿ ತಿಳಿಸಲೆಂದು ಮಾಡಿದ್ದ ಸೌಕರ್ಯ ಅದು. ಅವಳು ಸೆಟ್ಟನ್ನು ಮತ್ತೆ ಗಾಡಿಗೆ ಹಾಕಿ, ಆ ಪಿನ್ನಿನಿಂದ ತಂತಿ ಎಳೆದು, ನಡುವೆ ರಿಲೇ ಸ್ವಿಚ್ಚು ಕೂರಿಸಿ, ಸ್ಟಿಯರಿಂಗಿನ ಎದುರಿಗೆ ಒಂದು ಹಳದಿ ದೀಪ ಹಾಕಿದಳು.

"ಇದೇನಿದು?" ಎಂದರು ಮಾವ.

"ಯಾರ್ಡಿನವರು ಕರೆದ್ರೆ ಹೊತ್ಕೊಳ್ಳತ್ತೆ. ಗಾಡಿ ಪಕ್ಕಕ್ಕೆ ಹಾಕಿ ಮಾತಾಡಬಹುದು."

"ಎಲ್ಲಾ ಗಾಡಿಗೂ ಹಾಕ್ತಿದೀಯಾ?"

ಹೂಂ ಎನ್ನುವುದು ಬಲು ಸುಲಭವಿತ್ತು. "ಇಲ್ಲ ಮಾವ, ನಿಮಗೆ ಮಾತ್ರ," ಎಂದಳು. ಅವರು ಎದುರಿಗೇ ಇದ್ದುದರಿಂದ ಪ್ರತಿ ಮಾತೂ ಮುಟ್ಟಿತು. "ಸೆಟ್ಟಲ್ಲಿ ಏನೂ ದೋಷ ಇಲ್ಲ. ದೀಪದಿಂದ ಕರೆ ಬಂದಿದ್ದು ಗೊತ್ತಾಗತ್ತೆ, ಅಷ್ಟೆ. ರಸ್ತೆ ಮೇಲಿನ ಸದ್ದಿಗೆ ನಾನು ದೀಪ ಹಾಕೋಕಾಗಲ್ಲ. ಕಿವಿ ಡಾಕ್ಟರ ಹತ್ರ ಹೋಗೋಣ."

ಮಾವ ಎದ್ದು ಹೋಗಿಬಿಡುತ್ತಾರೆ ಅಂದುಕೊಂಡಳು. ಅವರು ಕ್ಯಾಬಿನ್ ಹತ್ತಿ ಸುಮಾರು ಹೊತ್ತು ಸ್ಟಿಯರಿಂಗ್ ಹಿಡಿದು ಕುಳಿತರು. ಆಮೇಲೆ ಮೈಕು ತೆಗೆದುಕೊಂಡರು. "ಸಾರ್, ಸೆಟ್ಟು ಸರಿಯಾಗಿದೆ. ಕಿವಿ ನನ್ನದೇ ಕೈಕೊಟ್ಟಿರೋದು. ತೋರಿಸ್ಕೊಂಡು ಬರೋತನಕ ಗಾಡಿ ಬೇರೆಯವರಿಗೆ ಕೊಡಿ."

ದೀಪ ಹೊತ್ತಿತು, ಮ್ಯಾನೇಜರು ಏನೋ ಅಂದರು. ಮಾವ ಅವಳ ಕಡೆ ನೋಡಿದರು.

"ಹೋಗಿ ಬನ್ನಿ, ಗಾಡಿ ಎಲ್ಲೂ ಓಡಿಹೋಗಲ್ಲ ಅಂತಿದಾರೆ," ಎಂದಳು.

ಮಾವ ನಕ್ಕರು. ಮೈಕನ್ನು ಕೊಕ್ಕೆಗೆ ಸಿಕ್ಕಿಸುವಾಗ ನಗು ಅರ್ಧಕ್ಕೇ ನಿಂತಿತು.

"ಇಷ್ಟು ದಿನ ಮನೇಲಿ ನಿಮ್ಮತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ ಅಂದ್ಕೊಂಡಿದ್ದೆ ಕಣೆ," ಎಂದರು. "ಅದಕ್ಕೆ ನಾನೂ ಬಿಟ್ಟುಬಿಟ್ಟೆ."