ಗೆರೆಯೊಳಗಿನ ಕಾಣದ ಕೆಂಪು

ಒಂದು ಊರು… ಆ ಊರಿಗೊಂದು ಹೊಳೆ… ಹೊಳೆಯ ದಂಡೆಗೆ, ಬಟ್ಟೆಯ ಮೇಲೆ ಹೂವು ಅರಳಿಸುವ ಒಂದು ಮನೆ.

ಆ ಮನೆಯ ಅತ್ತೆ ಸಾಯುವ ಮುಂಚೆ, ಜೀವನವಿಡೀ ತಮ್ಮ ಬಟ್ಟೆ ಒಗೆದ ಮಡಿವಾಳರ ದುರ್ಗವ್ವನ ಕೈ ಹಿಡಿದು ಮಾತು ಕೊಟ್ಟಿದ್ದಳು…

"ನಿನ್ನ ಮೊಮ್ಮಗಳ ಮದುವಿ ಸೀರಿ ನಮ್ಮ ಮನೀದು. ನನ್ನ ಸೊಸೆಂದ್ರು ಮಾಡಿ ಕೊಡ್ತಾರ."

ಅತ್ತೆ ಹೋದಳು. ಮನೆ ಎರಡಾಯಿತು. ಮರದ ಅಚ್ಚುಗಳೂ ಪಾಲಾದವು.

ಕಪ್ಪು ಗೆರೆ ಒತ್ತುವ ಅಚ್ಚು ಹಿರಿಯ ಸೊಸೆ ಸಖುಬಾಯಿಗೆ… ಗೆರೆಯೊಳಗೆ ಕೆಂಪು ತುಂಬುವ ಅಚ್ಚು ಕಿರಿಯವಳು ಚಂಪಾಗೆ.

ಒಬ್ಬಳಿಲ್ಲದೆ ಇನ್ನೊಬ್ಬಳ ಹೂವು ಪೂರ್ತಿಯಾಗದು. ಆದರೂ ಇಬ್ಬರ ನಡುವೆ ನೆಟ್ಟಗೆ ಮಾತಿಲ್ಲ!

ಸಖುಬಾಯಿ ಗೆರೆ ಒತ್ತಿದ ಬಟ್ಟೆಯನ್ನು ನಡುಗೋಡೆಯ ಮೇಲೆ ಹಾಕುವಳು… ಚಂಪಾ ತನ್ನ ಕೆಲಸ ಮುಗಿಸಿ, ಹೊಳೆಯಲ್ಲಿ ತೊಳೆದು, ಮತ್ತೆ ಅಲ್ಲೇ ಹಾಕುವಳು. ಅಷ್ಟೇ.

ದುರ್ಗವ್ವನ ಮೊಮ್ಮಗಳ ಮದುವೆ ಗೊತ್ತಾಯಿತು. ಆ ಸೀರೆಯೂ ಹಾಗೇ ಗೋಡೆ ದಾಟಿತು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಸೀರೆ ಗೋಡೆಯ ಮೇಲಿತ್ತು. ಸಖುಬಾಯಿ ಬಿಡಿಸಿ ನೋಡಿದಳು…

ಬರೀ ಕಪ್ಪು ಗೆರೆ.

ಈ ಕೆಲಸದ ಗುಟ್ಟೇ ಅದು. ಗೆರೆಯೊಳಗೆ ಒತ್ತುವುದು ಬಣ್ಣವನ್ನಲ್ಲ… ಪಟಿಕ ಕಲಸಿದ ಅಂಟನ್ನು. ಗುರುತಿಗೆಂದು ಬೆರೆಸಿದ ಚಿಟಿಕೆ ಕೆಮ್ಮಣ್ಣೂ ಹೊಳೆಯ ನೀರಲ್ಲಿ ತೊಳೆದುಹೋಗುತ್ತದೆ. ಆಮೇಲೆ ಸಖುಬಾಯಿ ಅದನ್ನು ಮಂಜಿಷ್ಠದ ಬೇರು ಹಾಕಿ ಕುದಿಸಬೇಕು. ಪಟಿಕ ಕುಡಿದ ಜಾಗ ಆಗಷ್ಟೇ ಕೆಂಪಾಗುವುದು.

ಅಲ್ಲಿಯವರೆಗೆ, ಒತ್ತಿದ ಬಟ್ಟೆಗೂ ಒತ್ತದ ಬಟ್ಟೆಗೂ ವ್ಯತ್ಯಾಸ ತಿಳಿಯದು.

ಎಂದೂ ಬಾರದ ಅನುಮಾನ ಅಂದು ಬಂತು. ಯಾಕೆಂದರೆ, ಆ ಸೀರೆಗೆ ಗೆರೆ ಒತ್ತುತ್ತಿದ್ದ ದಿನವೇ ಇಬ್ಬರಿಗೂ ಜೋರು ಜಗಳವಾಗಿತ್ತು. "ನಿಮ್ಮ ಸೀರಿ ನೀವೇ ಮಾಡ್ಕೋರಿ!" ಎಂದು ಕೂಗಿ ಚಂಪಾ ಬಾಗಿಲು ಬಡಿದುಕೊಂಡಿದ್ದಳು.

ಮರ್ಯಾದೆ ಬದಿಗಿಟ್ಟು ಕೇಳಿಯೇಬಿಡೋಣವೆಂದು ಸಖುಬಾಯಿ ಆಚೆ ಮನೆಗೆ ಹೋದಳು… ಬಾಗಿಲಿಗೆ ಬೀಗ. ಫೋನ್ ಸ್ವಿಚ್ ಆಫ್!

ಎದುರು ಮನೆಯ ನೀಲವ್ವ ಕಿಟಕಿಯಿಂದಲೇ ಹೇಳಿದಳು, "ನಸುಕಿನ್ಯಾಗ ಚೀಲ ಹಿಡ್ಕೊಂಡು ಬಸ್ ಹತ್ತಿದ್ಲವಾ. ನಿನ್ನ ಚಂದಾಗಿ ನೀರಿಗೆ ದೂಡಿ ಹೋದ್ಲು ನೋಡು!"

ಸಖುಬಾಯಿ ಮನೆಗೆ ಮರಳಿ, ಸೀರೆಯನ್ನು ಮತ್ತೆ ಬಿಡಿಸಿದಳು.

ಅಷ್ಟರಲ್ಲಿ ದುರ್ಗವ್ವನೂ ಬಂದು ಕಟ್ಟೆಯ ಮೇಲೆ ಕುಳಿತಳು. "ಸಂಜಿ ಬಸ್ಸಿಗೆ ಮದುವಿ ಊರಿಗೆ ಹೋಗಬೇಕ್ರೀ ಬಾಯಾರ. ನಮ್ಮ ಹುಡುಗಿ ಬೀಗರ ಮುಂದೆಲ್ಲಾ ಹೇಳ್ಕೊಂಡಾಳ… ನನ್ನ ಸೀರಿ ಅಂಗಡೀದಲ್ಲ, ಅಚ್ಚಿನ ಮನೀದು ಅಂತ!"

ಒಳಗೆ ಕೆಂಪು ತುಂಬುವ ಅಚ್ಚು ಅತ್ತೆಯದೊಂದು ಹಳೆಯದು, ಬಿರುಕು ಬಿಟ್ಟದ್ದು ಇತ್ತು. ಸಖುಬಾಯಿ ಪಟಿಕದ ಅಂಟು ಕಲಸಿ, ಅಚ್ಚನ್ನು ಅದರಲ್ಲಿ ಅದ್ದಿದಳು.

ಚಂಪಾ ಮೊದಲೇ ಒತ್ತಿದ್ದರೆ, ಮತ್ತೊಂದು ಒತ್ತು ಬಿದ್ದು ಹೂವೆಲ್ಲ ಗೆರೆ ಮೀರಿ ಹರಡುತ್ತದೆ. ಒತ್ತಿರದಿದ್ದರೆ… ಹಾಗೇ ಕುದಿಸಿದರೆ… ನಾಳೆ ಮದುಮಗಳ ಮೈಮೇಲೆ ಖಾಲಿ ಹೂವುಗಳು!

ಅಚ್ಚು ಹಿಡಿದ ಕೈ ಸೀರೆಯ ಮೇಲೆ ನಿಂತೇ ಇತ್ತು. ಹಣೆಯ ಬೆವರು ಕಣ್ಣಿಗಿಳಿಯಿತು.

"ಯಾಕ್ರೀ ಬಾಯಾರ, ಕೈ ಅಲ್ಲೇ ನಿಂತಾವಲ್ಲ?"

"ಚಂಪಾ ತನ್ನ ಕೆಲಸ ಮಾಡ್ಯಾಳೋ ಇಲ್ಲೋ ಗೊತ್ತಾಗವಲ್ದು ದುರ್ಗವ್ವಾ… ಸಿಟ್ಟಿನ್ಯಾಗ ಇದ್ಲು."

ದುರ್ಗವ್ವ ಬಾಯಲ್ಲಿದ್ದ ಎಲೆಯಡಿಕೆ ಒತ್ತರಿಸಿಕೊಂಡು ನಕ್ಕಳು. "ಸಿಟ್ಟು ನಿಮಗೂ ಇತ್ತಲ್ರೀ. ಹೊಳಿತನಾ ಕೇಳಿತ್ತು ನಿಮ್ಮ ದನಿ! ಹಂಗಂತ ನೀವು ಗೆರಿ ಒತ್ತೂದು ಬಿಟ್ರೇನು?"

ಸಖುಬಾಯಿ ಅಚ್ಚನ್ನು ನಿಧಾನವಾಗಿ ಕೆಳಗಿಟ್ಟಳು.

ತಾಮ್ರದ ಹಂಡೆಯಲ್ಲಿ ಮಂಜಿಷ್ಠದ ನೀರು ಕಾದಿತ್ತು. ಕಣ್ಣು ಮುಚ್ಚಿ ಸೀರೆಯನ್ನು ಇಳಿಸಿದಳು.

ಸೀರೆಯಿಡೀ ಮಬ್ಬು ಗುಲಾಬಿಯಾಯಿತು… ಹೂವು ಯಾವುದು, ಬಯಲು ಯಾವುದು, ಏನೂ ಕಾಣದು. ಕೋಲಿನಿಂದ ತಿರುವಿದಳು. ಮತ್ತೆ ತಿರುವಿದಳು. ಸತ್ತ ಅತ್ತೆಯ ಮಾತು ನನ್ನ ಕೈಯಲ್ಲೇ ಮುಳುಗಿತಲ್ಲ, ಎಂದುಕೊಂಡಳು.

ಅಷ್ಟರಲ್ಲಿ ಕುದಿಯುವ ನೀರೊಳಗಿಂದ ಒಂದು ಎಸಳು ಮೇಲೆದ್ದಿತು.

ಕೆಂಪು!

ಅದರ ಪಕ್ಕಕ್ಕೆ ಇನ್ನೊಂದು… ಆಮೇಲೆ ಬಳ್ಳಿಗೆ ಬಳ್ಳಿಯೇ. ಒಂದು ಹನಿ ಕೆಂಪೂ ಗೆರೆ ದಾಟಿರಲಿಲ್ಲ.

ಸೀರೆಯನ್ನು ಎತ್ತಿ, ಸೆರಗನ್ನು ಬೆಳಕಿಗೆ ಹಿಡಿದವಳು ಹಾಗೇ ನಿಂತುಬಿಟ್ಟಳು.

ಅಲ್ಲಲ್ಲಿ ಬಳ್ಳಿಯ ಕಪ್ಪು ಗೆರೆ ತುಂಡಾಗಿತ್ತು. ಅದು ಅವಳದೇ ಗೆರೆ… ಸಿಟ್ಟಿನ ಭರದಲ್ಲಿ ಅಚ್ಚು ಜಾರಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ತುಂಡಾದ ಪ್ರತಿಯೊಂದು ಜಾಗದಲ್ಲೂ ಪುಟ್ಟ ಕೆಂಪು ಮೊಗ್ಗುಗಳು. ಯಾವ ಅಚ್ಚಿನದೂ ಅಲ್ಲ… ಬೆರಳ ತುದಿಯಿಂದ ಒಂದೊಂದಾಗಿ ಇಟ್ಟವು.

"ಅಯ್ಯ! ಈ ಮೊಗ್ಗಿನ ಡಿಸೈನ್ ಹೊಸಾದಲ್ರೀ, ಯಾರದು?" ದುರ್ಗವ್ವ ಬಗ್ಗಿ ನೋಡಿದಳು.

"ನಮ್ಮ ಚಂಪಾಂದು…" ಎಂದಳು ಸಖುಬಾಯಿ. ಒದ್ದೆ ಸೀರೆಯ ಹಿಂದೆ ಮುಖ ಮರೆಸಿಕೊಂಡಳು.

ಸಂಜೆ, ಒಣಗಿದ ಸೀರೆಯನ್ನು ಎದೆಗವಚಿಕೊಂಡು ದುರ್ಗವ್ವನ ಜೊತೆ ಬಸ್ ಸ್ಟ್ಯಾಂಡಿಗೆ ಬಂದಳು. ಬಂದ ಬಸ್ಸಿನಿಂದ ಚೀಲ ಹಿಡಿದು ಇಳಿದವಳು… ಚಂಪಾ!

"ಎಲ್ಲಿ ಹಾಳಾಗಿ ಹೋಗಿದ್ದಿ? ಫೋನ್ ಯಾಕ ಬಂದ್?"

"ಚಾರ್ಜ್ ಇದ್ದಿಲ್ಲಕ್ಕಾ. ಸೀರಿ ಅಷ್ಟೇ ಹೆಂಗ ಕೊಡೂದು ಅಂತ ಹಸಿರು ಬಳಿ ತರಾಕ ಹೋಗಿದ್ದೆ." ಚಂಪಾಳ ದನಿ ಸಣ್ಣಗಾಯಿತು. "ದಾರಿ ತುಂಬಾ ಅದಽ ಹೆದರಿಕಿ… ನನ್ನ ಮ್ಯಾಲಿನ ಸಿಟ್ಟಿಗೆ ನೀವು ಸೀರಿ ಕುದಸ್ತೀರೋ ಇಲ್ಲೋ ಅಂತ."

ಅವಳಿಗೂ ಅದೇ ಭಯವಿತ್ತು!

ಸಖುಬಾಯಿ ಸೀರೆಯ ಒಂದು ಬದಿಯನ್ನು ಚಂಪಾಳ ಕೈಗಿಟ್ಟು, "ಹಿಡಿ," ಎಂದಳು.

ಇಬ್ಬರೂ ಸೇರಿ ಸೀರೆಯನ್ನು ದುರ್ಗವ್ವನ ಉಡಿಗೆ ಹಾಕಿದರು.

ನಮ್ಮ ಕಣ್ಣಿಗೆ ಕಾಣಲಿಲ್ಲ ಅಂದ ಮಾತ್ರಕ್ಕೆ, ಅವರು ಏನೂ ಮಾಡಿಲ್ಲ ಅಂತಲ್ಲ.

ನಿಮ್ಮ ತುಂಡಾದ ಗೆರೆಗೆ ಸದ್ದಿಲ್ಲದೆ ಮೊಗ್ಗು ಇಟ್ಟವರು ಯಾರು…? ಅವರ ಜೊತೆ ನೀವು ಮಾತು ಬಿಟ್ಟು ಎಷ್ಟು ದಿನವಾಯಿತು?