ಹೇಳದೆ ಬಿಟ್ಟ ಪಾಪ

ಮ್ಯಾಜಿಸ್ಟ್ರೇಟ್ ದೊರೆಯ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸುವ ಮೊದಲು ದುಭಾಷಿ ಶಿವಲಿಂಗಯ್ಯ ಒಮ್ಮೆ ನಂಜನ್‌ನ ಮುಖ ನೋಡಿದ. ಅದು ಲಿಂಗಿಯ ಕಣ್ಣಿಗೆ ಬಿತ್ತು. ಬೆಳಿಗ್ಗೆ ಊಟಿಯ ಕಾಫಿ ಅಂಗಡಿಯಲ್ಲಿ ಈ ದುಭಾಷಿ ಅವಳ ಗಂಡನ ಅಣ್ಣ ನಂಜನ್‌ನ ಪಕ್ಕ ಕೂತು ಕಿಸಿಕಿಸಿ ನಗುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು.

ತನ್ನ ತಮ್ಮ ಹಾಲನ್‌ಗೆ ಹುಚ್ಚು, ಮದ್ರಾಸಿನ ಹುಚ್ಚಾಸ್ಪತ್ರೆಗೆ ಕಳಿಸಿ ಎಂದು ಅರ್ಜಿ ಹಾಕಿದವನೇ ನಂಜನ್. ಡಾಕ್ಟರು ಬಂದು ಹಾಲನ್‌ನ ಕಣ್ಣರೆಪ್ಪೆ ಎತ್ತಿ ನೋಡಿ ಹೌದೆಂದು ತಲೆಯಾಡಿಸಿಯೂ ಆಗಿತ್ತು. ಮ್ಯಾಜಿಸ್ಟ್ರೇಟ್ ತಾನೇ ಎದುರು ನಿಲ್ಲಿಸಿ ಮಾತಾಡಿಸದೆ ಯಾರನ್ನೂ ಕಳಿಸುವಂತಿಲ್ಲ ಎಂಬ ಕಾನೂನೊಂದೇ ಈಗ ಲಿಂಗಿಯ ಗಂಡನನ್ನು ಉಳಿಸಬೇಕು. ಆದರೆ ದೊರೆಗೆ ಇವರ ಮಾತು ಬಾರದು, ಇವರಿಗೆ ದೊರೆಯದು ಬಾರದು. ನಡುವೆ ನಿಂತವನು ಶಿವಲಿಂಗಯ್ಯ!

"ದಿನಾ ಅಣ್ಣನ ಮನೆ ಎದುರು ನಿಂತು ಸಾವಿನ ಸಾಲು ಕೂಗ್ತೀಯಂತೆ. ಹೌದಾ?" ದೊರೆಯ ಪ್ರಶ್ನೆಯನ್ನು ಶಿವಲಿಂಗಯ್ಯ ಹಾಲನ್‌ಗೆ ದಾಟಿಸಿದ.

"ಹೌದು ಬುದ್ಧಿ," ಎಂದ ಹಾಲನ್.

"ಬದುಕಿರೋರ ಮನೆ ಮುಂದೆ ಸಾವಿನ ಸಾಲು! ಇದಕ್ಕಿಂತ ಹುಚ್ಚು ಬೇಕಾ ಬುದ್ಧಿ?" ಎಂದ ನಂಜನ್.

ಸಾವಿನ ದಿನ ಹಿರಿಯರು ಪಾಪಗಳನ್ನು ಒಂದೊಂದು ಸಾಲಾಗಿ ಹೇಳುವುದು, ನೆರೆದವರೆಲ್ಲ "ಅದು ಪಾಪ" ಎನ್ನುವುದು ಈ ಬೆಟ್ಟಸೀಮೆಯ ಬಡಗ ಜನರ ಪದ್ಧತಿ. ಹಾಗೆ ಹೇಳಿದರೆ ಸತ್ತವರ ಪಾಪ ಕಳೆಯುತ್ತದೆ.

ಲಿಂಗಿಗೆ ತಡೆಯಲಾಗಲಿಲ್ಲ. "ನಮ್ಮ ಮಾವ ಸತ್ತಾಗ ಎಲ್ಲಾ ಪಾಪಕ್ಕೂ ಈ ಭಾವ ದನಿಗೂಡಿಸಿದ್ರು. ಒಡಹುಟ್ಟಿದವನ ಹೊಲದ ಗಡಿಕಲ್ಲು ಸರಿಸಿದ್ದು ಅಂದಾಗ ಮಾತ್ರ ಬಾಯಿ ಬಿಡ್ಲಿಲ್ಲ. ಬಿಡೋವರೆಗೂ ಕೂಗ್ತೀನಿ ಅಂತಾರೆ ನನ್ನ ಗಂಡ. ಇದನ್ನೂ ದೊರೆಗೆ ಹೇಳಿ ಅಯ್ಯಾ, ನುಂಗಬೇಡಿ."

ಶಿವಲಿಂಗಯ್ಯ ಎಷ್ಟು ಹೇಳಿದನೋ, ಎಷ್ಟು ನುಂಗಿದನೋ, ದೇವರೇ ಬಲ್ಲ. ಇಷ್ಟುದ್ದದ ಮಾತು ಇಂಗ್ಲಿಷಿನಲ್ಲಿ ಗೇಣುದ್ದವಾಯಿತು. ದೊರೆ ಮಾತ್ರ ಲೇಖನಿ ಕೆಳಗಿಟ್ಟು ನಂಜನ್‌ನ ಕಡೆ ಕೈ ತೋರಿಸಿದ. ಆ ಸಾಲುಗಳನ್ನು ನೀನೇ ಹೇಳು, ಕೇಳೋಣ ಎಂದು ದುಭಾಷಿಯಿಂದ ಹೇಳಿಸಿದ.

ನಂಜನ್ ಒಲ್ಲದ ಮನಸ್ಸಿನಿಂದ ಶುರುಮಾಡಿದ. "ಹಾವ ಕೊಂದದು."

"ಅದು ಪಾಪ," ಎಂದಿತು ಹೊರಗಿನ ಜಗಲಿ. ತಮ್ಮ ತಮ್ಮ ವ್ಯಾಜ್ಯಕ್ಕೆ ಕಾದು ಕೂತಿದ್ದ ಬಡಗರು ಅಲ್ಲಿದ್ದರು. ಈ ಸಾಲು ಕಿವಿಗೆ ಬಿದ್ದ ಮೇಲೆ ಅವರ ನಾಲಿಗೆ ಅವರ ಮಾತು ಕೇಳುವುದಿಲ್ಲ.

"ಬಾಯಾರಿ ಬಂದವಂಗೆ ನೀರಿಲ್ಲ ಎಂದದು."

"ಅದು ಪಾಪ."

"ಕರುವಿಗೆ ಬಿಡದೆ ಹಾಲು ಕರೆದದು."

"ಅದು ಪಾಪ."

ಮುಂದಿನದು ಗಡಿಕಲ್ಲು. ನಂಜನ್ ತುಟಿ ಒದ್ದೆ ಮಾಡಿಕೊಂಡ. ಹಾಲನ್ ಅಣ್ಣನನ್ನೇ ನೋಡುತ್ತಿದ್ದ. ನಂಜನ್‌ನ ಬಾಯಿಂದ ಒಂದಕ್ಷರವೂ ಹೊರಡಲಿಲ್ಲ.

ಆ ಸಾಲು ಮುಗಿಯುವಷ್ಟು ಹೊತ್ತು ಬಿಟ್ಟು, ಜಗಲಿಯವರು ಒಂದೇ ದನಿಯಲ್ಲಿ ಎಂದರು: "ಅದು ಪಾಪ."

ದೊರೆ ತಟ್ಟನೆ ತಲೆಯೆತ್ತಿದ. ಇವನು ಏನೂ ಹೇಳಲಿಲ್ಲವಲ್ಲ, ಅವರು ಪಾಪ ಎಂದದ್ದು ಯಾವುದಕ್ಕೆ ಎಂದು ದುಭಾಷಿಯನ್ನು ಕೇಳಿದ.

ಉತ್ತರ ಕೊಡುವ ಮೊದಲು ಶಿವಲಿಂಗಯ್ಯ ಮತ್ತೊಮ್ಮೆ ನಂಜನ್‌ನ ಮುಖ ನೋಡಿದ. ಈ ಸಲ ಆ ನೋಟವನ್ನು ದೊರೆಯೂ ಕಂಡ.